ಗೇಣಿದಾರನಿಗೆ ಕಾನೂನು ಬಂತು, ಬಾಡಿಗೆದಾರನಿಗೆ ಯಾಕೆ ಬರಲಿಲ್ಲ?

ಕನ್ನಡದಲ್ಲಿ ಗೇಣಿದಾರ ಎಂಬ ಮಾತಿದೆ, ಬಾಡಿಗೆದಾರ ಎಂಬ ಮಾತೂ ಇದೆ. ಇಬ್ಬರೂ ಇನ್ನೊಬ್ಬರ ಆಸ್ತಿಯಲ್ಲಿ ಬದುಕುವವರು. ಅದಕ್ಕೆ ಹೊತ್ತಿಗೆ ಸರಿಯಾಗಿ ಕೊಡಬೇಕಾದ್ದನ್ನು ಕೊಡುವವರು. ಒಬ್ಬ ಭತ್ತ ಅಳೆದು ಕೊಡುತ್ತಿದ್ದ. ಇನ್ನೊಬ್ಬ ತಿಂಗಳ ಐದನೇ ತಾರೀಕಿನೊಳಗೆ ಫೋನ್‌ಪೇ ಮಾಡುತ್ತಾನೆ. ಮೊದಲನೆಯವನಿಗಾಗಿ ಈ ರಾಜ್ಯದಲ್ಲಿ ಸತ್ಯಾಗ್ರಹ ನಡೆಯಿತು, ಕಾನೂನು ಬಂತು, ಅವನ ಹೆಸರು ಪಹಣಿಗೆ ಹತ್ತಿತು. ಎರಡನೆಯವನು ಇವತ್ತಿಗೂ ಹನ್ನೊಂದು ತಿಂಗಳ ಅತಿಥಿ.

ಬೆಂಗಳೂರಿನಲ್ಲಿ ಎಲ್ಲೋ ಶೆಡ್ಡುಗಳನ್ನು ಕೆಡವಿದ ಸುದ್ದಿ ಬಂದಾಗಲೆಲ್ಲ ನನಗೆ ಈ ಹಳೇ ಗೇಣಿದಾರ ನೆನಪಾಗುತ್ತಾನೆ. ಫುಟ್‌ಪಾತಿನವರು, ಟೆಂಟಿನವರು, ಬಾಡಿಗೆ ಮನೆಯವರು ಬೇರೆಬೇರೆ ಜನ ಅಂತ ನಾವು ಅಂದುಕೊಂಡಿದ್ದೇವೆ. ಹತ್ತಿರದಿಂದ ನೋಡಿದರೆ ಇವರು ಒಂದೇ ಏಣಿಯ ಬೇರೆಬೇರೆ ಮೆಟ್ಟಿಲ ಮೇಲೆ ನಿಂತವರು. ಎಲ್ಲರಿಗೂ ಬೀಳುವ ಪ್ರಶ್ನೆಯೂ ಒಂದೇ: ಕಾಗದ ಎಲ್ಲಿ? ಗೇಣಿದಾರನಿಗೂ ಕಾಗದ ಇರಲಿಲ್ಲ. ಆದರೂ ಅವನು ಗೆದ್ದ. ಹೇಗೆ ಅನ್ನುವುದನ್ನು ಸ್ವಲ್ಪ ನೋಡೋಣ.

1951. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು. ಅಲ್ಲಿ ಗೇಣಿ ಮಾಡುತ್ತಿದ್ದವರು ಹೆಚ್ಚಾಗಿ ದೀವರು ಸಮುದಾಯದವರು. ಜಗಳ ಹುಟ್ಟಿದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯಲು ಒಡೆಯರು ಇಟ್ಟುಕೊಂಡಿದ್ದ ಕೊಳಗ ದೊಡ್ಡದು. ಅಳತೆ ಸರಿ ಮಾಡಿ ಅಂತ ರೈತರು ಕೇಳಿದರು. ಎಚ್. ಗಣಪತಿಯಪ್ಪ ಈ ರೈತರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಅದರ ನಾಯಕ ರಾಮಮನೋಹರ ಲೋಹಿಯಾ ಕಾಗೋಡಿಗೇ ಬಂದು ಬಂಧನಕ್ಕೆ ಒಳಗಾದರು. ಅಂದರೆ ಅಷ್ಟು ದೊಡ್ಡ ಹೋರಾಟ ಶುರುವಾಗಿದ್ದು ‘ಭೂಮಿ ಕೊಡಿ’ ಅಂತಲ್ಲ, ‘ಅಳತೆ ಸರಿ ಮಾಡಿ’ ಅಂತ. ಬಾಡಿಗೆ ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಎಷ್ಟು ಹಿಡಿಯಬಹುದು ಅನ್ನುವ ಜಗಳವೂ ಅಳತೆಯ ಜಗಳವೇ, ಅಲ್ವಾ?

ಆಮೇಲೆ 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಿತು. ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ಎಲ್ಲರಿಗೂ ಗೊತ್ತು. ಆದರೆ ಆ ಕಾನೂನು ನಡೆದ ರೀತಿ ಬಹಳ ಜನಕ್ಕೆ ಮರೆತುಹೋಗಿದೆ. ಗೇಣಿದಾರ ಫಾರಂ 7 ತುಂಬಿ ಕೊಡಬೇಕಿತ್ತು. ಅದನ್ನು ತಾಲ್ಲೂಕು ಮಟ್ಟದ ಭೂನ್ಯಾಯಮಂಡಳಿ ವಿಚಾರಿಸುತ್ತಿತ್ತು. ಹೆಚ್ಚಿನ ಗೇಣಿ ಬಾಯಿಮಾತಿನದು, ಕರಾರುಪತ್ರ ಇಲ್ಲ. ಹಾಗಾಗಿ ಮಂಡಳಿ ಅಕ್ಕಪಕ್ಕದ ಹೊಲದವರನ್ನು ಕೇಳಬಹುದಿತ್ತು, ಜಾಗಕ್ಕೇ ಹೋಗಿ ನೋಡಬಹುದಿತ್ತು. ಇಲ್ಲಿ ನೇಗಿಲು ಹಿಡಿಯುತ್ತಿದ್ದವರು ಯಾರು ಅನ್ನುವುದೇ ಮುಖ್ಯ ಪ್ರಶ್ನೆ. ಮತ್ತೂ ಒಂದು ಸಂಗತಿ. ಶುರುವಿನಲ್ಲಿ ಆ ಮಂಡಳಿಗಳ ಮುಂದೆ ವಕೀಲರಿಗೆ ಅವಕಾಶವೇ ಇರಲಿಲ್ಲ. ಒಡೆಯನ ಎದುರಿಗೆ ನಿಂತು ಗೇಣಿದಾರನೇ ಬಾಯಿ ಬಿಟ್ಟು ಹೇಳಬೇಕಿತ್ತು.

ಎಲ್ಲವೂ ಚೆಂದ ನಡೆಯಿತು ಅಂತಲ್ಲ. ಅರ್ಜಿ ಹಾಕುವ ಮೊದಲೇ ಬಿಡಿಸಿಕೊಂಡವರಿದ್ದರು. ಒಡೆಯರ ಮೇಲಿನ ಹೆದರಿಕೆಗೋ ದಾಕ್ಷಿಣ್ಯಕ್ಕೋ ಅರ್ಜಿಯನ್ನೇ ಹಾಕದವರಿದ್ದರು. ಕೂಲಿಗೆ ಹೋಗುತ್ತಿದ್ದವರಿಗೆ ಏನೂ ಸಿಗಲಿಲ್ಲ. ಆದರೂ ಒಂದು ತತ್ವ ಸ್ಥಾಪನೆಯಾಯಿತು. ಕಾಗದಕ್ಕಿಂತ ಬಳಕೆ ದೊಡ್ಡದು ಅಂತ.

ಅದೇ ತತ್ವ ನಲವತ್ತು ವರ್ಷ ಕಳೆದ ಮೇಲೆ ಮನೆಯ ವಿಷಯಕ್ಕೂ ಬಂತು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿಯಂಥ ಕಡೆ ಜನ ತಲೆಮಾರುಗಳಿಂದ ಇರುತ್ತಾರೆ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಾತ್ರ ಅಲ್ಲಿ ಊರೇ ಇಲ್ಲ, ಯಾರದ್ದೋ ಹೊಲ ಇದೆ. ‘ವಾಸಿಸುವವನೇ ಮನೆಯೊಡೆಯ’ ಅಂತ ಭೂಸುಧಾರಣೆ ಕಾಯ್ದೆಗೆ ಮತ್ತೆ ತಿದ್ದುಪಡಿ ಮಾಡಿದರು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಜಾಸ್ತಿ ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟ ಸಮಾರಂಭಕ್ಕೆ ಪ್ರಧಾನಿಯೇ ಬಂದಿದ್ದರು. ಕಾನೂನು ತಂದದ್ದು ಒಂದು ಪಕ್ಷ, ಪತ್ರ ಹಂಚಿದ್ದು ಇನ್ನೊಂದು. ಇದರಲ್ಲಿ ಮಾತ್ರ ಎರಡಕ್ಕೂ ಭಿನ್ನಾಭಿಪ್ರಾಯ ಇರಲಿಲ್ಲ.

ಈಗ ಅದೇ ತಾಂಡಾದಿಂದ ಒಂದು ಕುಟುಂಬ ಗುಳೆ ಹೊರಟಿತು ಅಂತಿಟ್ಟುಕೊಳ್ಳಿ. ಬೆಂಗಳೂರಿಗೆ ಬಂತು. ಕಟ್ಟಡದ ಕೆಲಸ. ಮೇಸ್ತ್ರಿ ಒಂದು ಖಾಲಿ ಜಾಗ ತೋರಿಸಿದ. ನೀಲಿ ಟಾರ್ಪಾಲು, ನಾಲ್ಕು ಬಿದಿರು. ಊರಲ್ಲಿ ಅವರು ಮನೆಯೊಡೆಯರು. ಇಲ್ಲಿ ಏನು?

ಇಲ್ಲಿ ಅವರು ಬಾಡಿಗೆದಾರರು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಾರತ್ತಹಳ್ಳಿ, ವೈಟ್‌ಫೀಲ್ಡ್, ಬೆಳ್ಳಂದೂರು ಕಡೆಯ ನೀಲಿ ಟೆಂಟುಗಳನ್ನು ನೋಡಿದವರು ‘ಎಲ್ಲಾ ಒತ್ತುವರಿ’ ಅಂದುಬಿಡುತ್ತಾರೆ. ಬಹಳ ಕಡೆ ಆ ಜಾಗಕ್ಕೆ ಮಾಲೀಕರಿದ್ದಾರೆ. ಅವರೋ ಅವರ ಕಡೆಯ ಒಬ್ಬ ಮನುಷ್ಯನೋ ಟೆಂಟಿಗೆ ಇಷ್ಟು, ನೀರಿಗೆ ಇಷ್ಟು, ಕರೆಂಟಿನ ಒಂದು ಬಲ್ಬಿಗೆ ಇಷ್ಟು ಅಂತ ತಿಂಗಳು ತಿಂಗಳು ವಸೂಲಿ ಮಾಡುತ್ತಾರೆ. ರಸೀದಿ ಇಲ್ಲ, ಕರಾರು ಇಲ್ಲ.

2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದು ಇದಕ್ಕೆ ಸರಿಯಾದ ಉದಾಹರಣೆ. ಅಲ್ಲಿರುವವರೆಲ್ಲ ಬಾಂಗ್ಲಾದೇಶದವರು ಅಂತ ವಿಡಿಯೋ ಹರಿದಾಡಿತು. ಜೆಸಿಬಿ ಬಂದು ಶೆಡ್ಡುಗಳನ್ನು ನೆಲಸಮ ಮಾಡಿತು. ಆಮೇಲೆ ಪತ್ರಕರ್ತರು ಹೋಗಿ ಮಾತಾಡಿಸಿದರೆ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಕೈಯಲ್ಲಿ ಆಧಾರ್, ವೋಟರ್ ಕಾರ್ಡು ಹಿಡಿದು ಕ್ಯಾಮೆರಾಗೆ ತೋರಿಸುತ್ತಿದ್ದರು. ಜಾಗ ಖಾಸಗಿಯವರದು, ಇವರು ಬಾಡಿಗೆ ಕೊಟ್ಟು ಇದ್ದವರು. ವಿಷಯ ಹೈಕೋರ್ಟಿಗೆ ಹೋಯಿತು. ಆಗ ಮುಖ್ಯ ನ್ಯಾಯಮೂರ್ತಿ ಆಗಿದ್ದವರು ಅಭಯ್ ಶ್ರೀನಿವಾಸ ಓಕಾ. ಅವರ ಪೀಠ ತೆರವನ್ನು ತಡೆಯಿತು. ಕೆಲವೇ ತಿಂಗಳಲ್ಲಿ ಇನ್ನೊಂದು. ಕಾಚರಕನಹಳ್ಳಿಯಲ್ಲಿ ಕಲಬುರಗಿ ಕಡೆಯ ಕೂಲಿಗಳ ಗುಡಿಸಲುಗಳು ಸುಟ್ಟುಹೋದವು. ಆಗ ಅವರಲ್ಲಿ ಬಹಳ ಜನ ಲಾಕ್‌ಡೌನ್ ಕಾರಣಕ್ಕೆ ಊರಿಗೆ ಹೋಗಿದ್ದರು. ಅದನ್ನೂ ಹೈಕೋರ್ಟ್ ಕೈಗೆತ್ತಿಕೊಂಡಿತು.

ಅದೇ ವರ್ಷದ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತ್ತು. ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಮನೆ ಬಿಡಿ ಅಂತ ಒತ್ತಾಯ ಮಾಡಿದರೆ ಕ್ರಮ ಅಂತ. ಒಳ್ಳೇ ಆದೇಶವೇ. ಆದರೆ ಕರಾರೇ ಇಲ್ಲದವನು ‘ನಾನು ಇವರ ಬಾಡಿಗೆದಾರ’ ಅಂತ ಯಾರ ಹತ್ತಿರ ಹೋಗಿ ಹೇಳಬೇಕು? ಆ ಬೇಸಿಗೆಯಲ್ಲಿ ಅವರು ಏನು ಮಾಡಿದರು ಅಂತ ನಾವೆಲ್ಲ ಹೆದ್ದಾರಿಗಳಲ್ಲಿ ನೋಡಿದೆವು.

ಬಾಡಿಗೆದಾರನೇ ಮನೆ ಇಲ್ಲದವನಾಗುವುದು ಹೇಗೆ ಅನ್ನುವುದಕ್ಕೆ ಬೆಂಗಳೂರಿನಲ್ಲಿ ಈಜಿಪುರಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಕೋರಮಂಗಲದ ಪಕ್ಕ ಸುಮಾರು 15 ಎಕರೆ. 1990ರ ದಶಕದ ಶುರುವಿನಲ್ಲಿ ಅಲ್ಲಿ ಪಾಲಿಕೆ ಬಡವರಿಗೆ ಅಂತ 1,512 ಮನೆಗಳ ಕ್ವಾರ್ಟರ್ಸ್ ಕಟ್ಟಿಸಿತು. ಜನ ಅದನ್ನು ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲರ) ಕ್ವಾರ್ಟರ್ಸ್ ಅಂತಲೇ ಕರೆಯುತ್ತಿದ್ದರು. ಕಟ್ಟಿದ್ದು ಎಷ್ಟು ಗಟ್ಟಿ ಅಂದರೆ, ಇಪ್ಪತ್ತು ವರ್ಷ ತುಂಬುವ ಮೊದಲೇ ಬ್ಲಾಕುಗಳು ಕುಸಿಯತೊಡಗಿದವು. ಕೆಲವರು ಸತ್ತರು. ಉಳಿದವರು ಅದೇ ಆವರಣದಲ್ಲಿ ತಗಡಿನ ಶೆಡ್ಡು ಹಾಕಿಕೊಂಡರು. ಅಷ್ಟರಲ್ಲಿ ಜಾಗದ ಬೆಲೆ ಎಲ್ಲಿಗೋ ಹೋಗಿತ್ತು. ಪಾಲಿಕೆ ಒಂದು ಖಾಸಗಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. ಜಾಗದ ಒಂದು ಭಾಗದಲ್ಲಿ ಬಡವರಿಗೆ ಹೊಸ ಫ್ಲಾಟು, ಇನ್ನೊಂದು ಭಾಗದಲ್ಲಿ ಮಾಲ್.

2013ರ ಜನವರಿ 18ರಿಂದ ನಾಲ್ಕು ದಿನ ತೆರವು ನಡೆಯಿತು. ಸುಮಾರು ಐದು ಸಾವಿರ ಜನ ಬೀದಿಗೆ ಬಂದರು. ಪೊಲೀಸರು, ಜೆಸಿಬಿ, ಅಡ್ಡ ನಿಂತ ಹೆಂಗಸರು. ದಲಿತ ಮಹಿಳಾ ಚಳವಳಿಯ ರೂತ್ ಮನೋರಮಾ ಅವರನ್ನೂ ಪೊಲೀಸರು ಎತ್ತಿಕೊಂಡು ಹೋದರು. ಆಮೇಲೆ ಎಷ್ಟೋ ಕುಟುಂಬಗಳು ಬೇಲಿಯ ಹೊರಗೆ, ಅದೇ ಮೈದಾನದ ಸುತ್ತಲಿನ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಶೀಟು ಹೊದ್ದು ಕೂತರು. ತಿಂಗಳುಗಟ್ಟಲೆ. ದಿನಾ ಆಫೀಸಿಗೆ ಆ ರಸ್ತೆಯಲ್ಲಿ ಹೋಗುತ್ತಿದ್ದವರು ನೋಡಿದ್ದೀರಿ. ಕೆಲವರನ್ನು ಸರ್ಜಾಪುರ ಕಡೆಯ ಸೂಲಿಕುಂಟೆಗೆ ಕಳಿಸಿದರು. ಅಲ್ಲಿಂದ ಕೋರಮಂಗಲದ ಮನೆಗೆಲಸಕ್ಕೆ ಬಂದುಹೋಗಲು ದಿನದ ದುಡಿಮೆಯ ಎಷ್ಟು ಭಾಗ ಬಸ್ಸಿಗೇ ಹೋಗುತ್ತದೆ ಅಂತ ಲೆಕ್ಕ ಹಾಕಲು ಯೋಜನಾ ತಜ್ಞರು ಬೇಕಾಗಿಲ್ಲ.

ನನಗೆ ಈಜಿಪುರದಲ್ಲಿ ಮುಖ್ಯ ಅನಿಸುವುದು ಜೆಸಿಬಿಯ ಹಿಂದಿನ ಲೆಕ್ಕ. ಹೊಸ ಮನೆಗೆ ಅರ್ಹರು ಯಾರು? ಮೂಲ ಹಂಚಿಕೆದಾರರು. ಅಂದರೆ ಇಪ್ಪತ್ತು ವರ್ಷದ ಹಿಂದೆ ಯಾರ ಹೆಸರಿಗೆ ಪತ್ರ ಆಗಿತ್ತೋ ಅವರು. ಅಲ್ಲಿ ನಿಜವಾಗಿ ಇದ್ದವರಲ್ಲಿ ಬಹಳ ಜನ ಅವರಿಂದ ಬಾಡಿಗೆಗೋ ಲೀಸಿಗೋ ತೆಗೆದುಕೊಂಡವರು. ಕೆಲವರು ಬಿಳಿ ಹಾಳೆಯ ಮೇಲೆ ಬರೆಸಿಕೊಂಡು ದುಡ್ಡು ಕೊಟ್ಟವರು. ಕುಸಿದ ಗೋಡೆ ಬಿದ್ದದ್ದು ಇವರ ಮೇಲೆ, ಶೆಡ್ಡಿನ ಬಿಸಿಲು ತಿಂದವರು ಇವರು. ಪಟ್ಟಿ ಮಾಡುವಾಗ ಇವರು ‘ಅನಧಿಕೃತ ವಾಸಿಗಳು’. ಕಾಗೋಡಿನ ತತ್ವ ಇಲ್ಲಿ ತಲೆಕೆಳಗಾಯಿತು. ಉಳುವವನನ್ನು ಕೇಳಲಿಲ್ಲ, ಪಹಣಿ ನೋಡಿದರು.

2025ರ ಡಿಸೆಂಬರ್‌ನಲ್ಲಿ ಯಲಹಂಕದ ಹತ್ತಿರ ಕೋಗಿಲುವಿನಲ್ಲಿ ಮತ್ತೆ ಜೆಸಿಬಿ ಬಂತು. ಕೇರಳದ ಮುಖ್ಯಮಂತ್ರಿ ಟೀಕಿಸಿದರು, ನಮ್ಮವರು ಉತ್ತರ ಕೊಟ್ಟರು, ನಾಲ್ಕು ದಿನ ಟೀವಿಯಲ್ಲಿ ಅದೇ ನಡೆಯಿತು. ಕೊನೆಗೆ ಸರ್ಕಾರ ಬೈಯಪ್ಪನಹಳ್ಳಿಯಲ್ಲಿ ಫ್ಲಾಟು ಕೊಡುತ್ತೇವೆ ಅಂದಿತು. ಯಾರಿಗೆ? ದಾಖಲೆ ನೋಡಿ, ಅರ್ಹರಿಗೆ.

ಇನ್ನು ನಮ್ಮಂಥ ಸಾಧಾರಣ ಬಾಡಿಗೆದಾರರು. ಕಾನೂನು ಏನು ಹೇಳುತ್ತದೆ? ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ. 2001ರ ಕೊನೆಯ ದಿನ ಜಾರಿಗೆ ಬಂತು. ಅದರ ಪ್ರಕಾರ ಮನಸ್ಸಿಗೆ ಬಂದಹಾಗೆ ಮನೆ ಖಾಲಿ ಮಾಡಿಸುವಂತಿಲ್ಲ, ಕಾಯ್ದೆಯಲ್ಲಿ ಹೇಳಿದ ಕಾರಣವೇ ಬೇಕು. ಕೇಳಲು ಚೆನ್ನಾಗಿದೆ. ಆದರೆ ಅದು ಅನ್ವಯಿಸುವುದು ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರದ ಮನೆಗೆ. ಸಣ್ಣ ಊರುಗಳಲ್ಲಿ ಮಿತಿ 2,000. ಇವತ್ತು 3,500ಕ್ಕೆ ಪಿಜಿಯಲ್ಲಿ ಮೂವರ ರೂಮಿನ ಒಂದು ಮಂಚ ಸಿಕ್ಕಿದರೆ ಪುಣ್ಯ. ಅಂದರೆ ಕಾಯ್ದೆ ಪುಸ್ತಕದಲ್ಲಿದೆ, ಬಾಡಿಗೆದಾರರು ಅದರ ಹೊರಗಿದ್ದಾರೆ.

ಹೊರಗಿದ್ದವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಿಸಲು ಹದಿನೈದು ದಿನದ ನೋಟಿಸು ಸಾಕು. ತಕರಾರಿದ್ದರೆ ಸಿವಿಲ್ ಕೋರ್ಟು. ಸಿವಿಲ್ ಕೋರ್ಟು ಅಂದರೆ ವರ್ಷಗಟ್ಟಲೆ. ನನ್ನದೇ ಕತೆ ಹೇಳಬೇಕೆಂದರೆ, ಒಮ್ಮೆ ಮನೆ ಬಿಡುವಾಗ ಓನರ್ರು ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದರು. ಅದು ಬೆಂಗಳೂರಿನ ಪದ್ಧತಿ, ಸರಿ. ಅದರ ಮೇಲೆ ಮೊಳೆ ಹೊಡೆದದ್ದಕ್ಕೆ, ಸಿಂಕಿನ ಕಲೆಗೆ, ಅಂತ ಇನ್ನಷ್ಟು. ಗೋಡೆಯಲ್ಲಿದ್ದ ಮೊಳೆಗಳಲ್ಲಿ ನಾವು ಹೊಡೆದದ್ದು ಎರಡೇ. ವಾದ ಮಾಡಿದೆ, ಆಮೇಲೆ ಸುಮ್ನಾದೆ. ಹದಿನೆಂಟು ಸಾವಿರಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ? ಓನರ್ರಿಗೂ ಅದು ಗೊತ್ತಿತ್ತು.

ಹನ್ನೊಂದು ತಿಂಗಳು ಯಾಕೆ ಅನ್ನುವುದಕ್ಕೂ ಕಾಗದವೇ ಕಾರಣ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕು, ಅದಕ್ಕೆ ಶುಲ್ಕ ಕಟ್ಟಬೇಕು. ಹನ್ನೊಂದು ತಿಂಗಳಾದರೆ ಇ-ಸ್ಟಾಂಪ್ ಹಾಳೆ ಸಾಕು. ಹೀಗಾಗಿ ಒಂದೇ ಮನೆಯಲ್ಲಿ ಎಂಟು ವರ್ಷ ಇದ್ದವನೂ ದಾಖಲೆಯಲ್ಲಿ ಹನ್ನೊಂದು ತಿಂಗಳಿಂದ ಇದ್ದವನು. ಇದರ ಬಿಸಿ ಗೊತ್ತಾಗುವುದು ಬ್ಯಾಂಕು ಬಂದಾಗ. ಓನರ್ರು ಮನೆ ಮೇಲಿನ ಸಾಲ ಕಟ್ಟಲಿಲ್ಲ, ಬ್ಯಾಂಕು ಮನೆ ವಶ ಮಾಡಿಕೊಂಡಿತು ಅಂತಿಟ್ಟುಕೊಳ್ಳಿ. ನೋಂದಣಿ ಆಗದ ಕರಾರು ಹಿಡಿದವನಿಗೆ ಒಂದು ವರ್ಷಕ್ಕಿಂತ ಹೆಚ್ಚು ರಕ್ಷಣೆ ಕೇಳುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು.

ಲೀಸಿನ ಮನೆಯವರಿಗೆ ಇದು ಇನ್ನೂ ದೊಡ್ಡ ಏಟು. ಹಳೇ ಕನ್ನಡದಲ್ಲಿ ಇದನ್ನು ಭೋಗ್ಯ ಅನ್ನುತ್ತಿದ್ದರು. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರುವ ವ್ಯವಸ್ಥೆ. ಊರಿನ ಹೊಲ ಮಾರಿದ ದುಡ್ಡು, ಮಗಳ ಮದುವೆಗೆ ಇಟ್ಟ ದುಡ್ಡು ಇದರಲ್ಲಿ ಇರುತ್ತದೆ. ಈಚಿನ ವರ್ಷಗಳಲ್ಲಿ ಮಧ್ಯೆ ಕಂಪನಿಗಳು ಹುಟ್ಟಿಕೊಂಡವು. ಓನರ್ರಿಗೆ ‘ತಿಂಗಳು ತಿಂಗಳು ಬಾಡಿಗೆ ಕೊಡ್ತೀವಿ’ ಅಂತ ಮನೆ ಪಡೆಯುತ್ತವೆ, ಅದೇ ಮನೆಯನ್ನು ಲೀಸಿಗೆ ಕೊಟ್ಟು ಲಕ್ಷಗಟ್ಟಲೆ ಎತ್ತುತ್ತವೆ. ಕೆಲವು ತಿಂಗಳು ಎಲ್ಲಾ ಸರಿ ಇರುತ್ತದೆ. ಒಂದು ದಿನ ಆಫೀಸಿಗೆ ಬೀಗ. ಓನರ್ರು ‘ನನಗೆ ಬಾಡಿಗೆ ಬಂದಿಲ್ಲ, ಖಾಲಿ ಮಾಡಿ’ ಅನ್ನುತ್ತಾರೆ. ಅವರದೂ ತಪ್ಪಲ್ಲ. ಲೀಸಿನವರು ‘ಹದಿನೈದು ಲಕ್ಷ ಕೊಟ್ಟಿದ್ದೇನೆ’ ಅನ್ನುತ್ತಾರೆ. ಅವರದೂ ತಪ್ಪಲ್ಲ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಅಂದರೆ ಆಶ್ಚರ್ಯ ಬೇಡ.

ಇಷ್ಟೆಲ್ಲ ಇದ್ದರೂ ಬಾಡಿಗೆದಾರರು ಯಾಕೆ ಒಟ್ಟಾಗಲಿಲ್ಲ? ಕಾಗೋಡಿನಲ್ಲಿ ಗೇಣಿದಾರರು ಒಂದೇ ಊರಲ್ಲಿದ್ದರು, ಹೆಚ್ಚಿನವರು ಒಂದೇ ಜಾತಿ, ಒಡೆಯ ಯಾರು ಅಂತ ಎಲ್ಲರಿಗೂ ಗೊತ್ತು, ಮುಂದಿನ ವರ್ಷವೂ ಅದೇ ಗದ್ದೆ. ಬೆಂಗಳೂರಿನ ಬಾಡಿಗೆದಾರನಿಗೆ ಇದ್ಯಾವುದೂ ಇಲ್ಲ. ಎದುರು ಮನೆಯವನ ಹೆಸರು ಗೊತ್ತಿರುವುದಿಲ್ಲ, ಡೆಲಿವರಿ ಹುಡುಗನಿಗೆ ಮಾತ್ರ ಗೊತ್ತು. ಅವನು ಐಟಿ, ಇವಳು ಗಾರ್ಮೆಂಟ್ಸು. ‘ಮುಂದಿನ ವರ್ಷ ಸ್ವಂತದ್ದು ತಗೊಂಡುಬಿಡೋಣ’ ಅನ್ನುವ ಆಸೆ ಒಬ್ಬೊಬ್ಬರಿಗೂ. ನಾಳೆ ಓನರ್ ಆಗುವವನು ಇವತ್ತು ಬಾಡಿಗೆದಾರರ ಸಂಘ ಕಟ್ಟುವುದಿಲ್ಲ. ಅದರ ಮೇಲೆ ಮನೆ ಸಿಗುವಾಗಲೇ ಬಾಯಿ ಮುಚ್ಚಿಸಿರುತ್ತಾರೆ. ‘ನಾನ್‌ವೆಜ್ ತಿಂತೀರಾ?’ ಅನ್ನುವ ಪ್ರಶ್ನೆ ಎಷ್ಟೋ ಸಲ ಅಡುಗೆಯ ಬಗ್ಗೆ ಅಲ್ಲ, ಜಾತಿ ಧರ್ಮದ ಬಗ್ಗೆ ಅಂತ ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಹತ್ತು ಕಡೆ ಇಲ್ಲ ಅನ್ನಿಸಿಕೊಂಡು ಹನ್ನೊಂದನೇ ಕಡೆ ಮನೆ ಸಿಕ್ಕ ಹುಡುಗ ನೀರಿನ ಬಿಲ್ಲಿಗೆ ತಕರಾರು ತೆಗೆಯುತ್ತಾನಾ?

ಓನರ್ರ ಕಡೆಗೂ ಒಂದು ಮಾತು ಹೇಳಲೇಬೇಕು. ಅವರೆಲ್ಲ ಸಾಹುಕಾರರಲ್ಲ. ರಿಟೈರ್ ಆದ ದುಡ್ಡಲ್ಲಿ ಮೇಲೊಂದು ಮಹಡಿ ಕಟ್ಟಿಸಿ, ಆ ಬಾಡಿಗೆಯಲ್ಲಿ ಔಷಧಿ ಖರ್ಚು ನೋಡಿಕೊಳ್ಳುವವರು ಬೇಕಾದಷ್ಟಿದ್ದಾರೆ. 1961ರ ಹಳೇ ಬಾಡಿಗೆ ನಿಯಂತ್ರಣ ಕಾಯ್ದೆ ಕಾಲದಲ್ಲಿ ಪುಡಿಗಾಸಿನ ಬಾಡಿಗೆ ಕೊಟ್ಟುಕೊಂಡು ಪೇಟೆ ಮಧ್ಯೆ ದಶಕಗಟ್ಟಲೆ ಕೂತವರಿದ್ದರು, ಅದೂ ನಿಜ. ‘ಒಮ್ಮೆ ಕೊಟ್ಟರೆ ಬಿಡಲ್ಲ’ ಅನ್ನುವ ಭಯ ಅಲ್ಲಿಂದ ಬಂದದ್ದು. ನನಗೆ ಇನ್ನೂ ಒಂದು ಅನುಮಾನ. ಗೇಣಿ ಹೋದ ಮನೆತನಗಳಲ್ಲಿ ಕೆಲವು ಪೇಟೆಗೆ ಬಂದು ಮನೆ ಕಟ್ಟಿದವು. ‘ಫಾರಂ 7 ಹಾಕಿ ನಮ್ಮ ಗದ್ದೆ ಹೊಡೆದುಕೊಂಡರು’ ಅನ್ನುವ ಮಾತನ್ನು ಅಂಥ ಮನೆಗಳ ಜಗಲಿಯಲ್ಲಿ ನಾನೇ ಕೇಳಿದ್ದೇನೆ. ಅವರು ಬಾಡಿಗೆದಾರನನ್ನು ಹನ್ನೊಂದು ತಿಂಗಳಿಗಿಂತ ಜಾಸ್ತಿ ನಂಬುವುದು ಕಷ್ಟವೇ. ಗೇಣಿದಾರ ಗೆದ್ದದ್ದರ ಒಂದು ನೆರಳು ಹೀಗೆ ಬಾಡಿಗೆದಾರನ ಮೇಲೆ ಬಿದ್ದಿರಬಹುದು.

2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಎರಡೂ ಭಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳು ಮೀರಬಾರದು. ಕರಾರು ಬರಹದಲ್ಲೇ ಇರಬೇಕು, ಅದು ಬಾಡಿಗೆ ಪ್ರಾಧಿಕಾರಕ್ಕೆ ತಿಳಿಯಬೇಕು. ಅವಧಿ ಮುಗಿದ ಮೇಲೂ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಕಟ್ಟಬೇಕು. ಬಾಡಿಗೆ ಎಷ್ಟಿರಬೇಕು ಅಂತ ಅದು ಹೇಳುವುದಿಲ್ಲ, ಮಾರುಕಟ್ಟೆಗೇ ಬಿಟ್ಟಿದೆ. ನನಗೆ ಅದು ಅರ್ಧ ಪರಿಹಾರ ಅನಿಸುತ್ತದೆ. ಆ ಅರ್ಧವೂ ಕರ್ನಾಟಕದಲ್ಲಿ ಇನ್ನೂ ಕಾನೂನಾಗಿಲ್ಲ.

ಸರ್ಕಾರದ ಯೋಜನೆಗಳ ಕತೆ ಬೇಗ ಹೇಳಿ ಮುಗಿಸಬಹುದು. 2015ರಲ್ಲಿ ‘2022ರೊಳಗೆ ಎಲ್ಲರಿಗೂ ಮನೆ’ ಅಂದರು. ಎಲ್ಲಾ ಯೋಜನೆಗಳ ಕಣ್ಣು ಸ್ವಂತ ಮನೆಯ ಮೇಲೆ. ಸೈಟಿದ್ದರೆ ಕಟ್ಟಲು ಸಹಾಯಧನ, ಇಲ್ಲದಿದ್ದರೆ ನಿಮ್ಮ ಪಾಲಿನ ದುಡ್ಡು ಕಟ್ಟಿ ಫ್ಲಾಟಿಗೆ ಕಾಯಿರಿ. ಬಾಡಿಗೆ ಮನೆ ಅನ್ನುವುದು ನೆನಪಾದದ್ದು ಲಾಕ್‌ಡೌನ್ ನಂತರ. ಹಳೇ ಯೋಜನೆಯಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಸುಮಾರು 83 ಸಾವಿರ ಸರ್ಕಾರಿ ಮನೆಗಳನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡೋಣ ಅಂದರು. ಮೂರು ವರ್ಷ ಕಳೆದರೂ ಹಾಗೆ ಬಳಕೆಗೆ ಬಂದದ್ದು ಆರು ಸಾವಿರ ಮುಟ್ಟಲಿಲ್ಲ. ದೇಶದ ನಗರಗಳಲ್ಲಿ 1.1 ಕೋಟಿ ಮನೆ ಖಾಲಿ ಇವೆ ಅಂತ 2011ರ ಜನಗಣತಿ ಹೇಳಿತ್ತು. ಮರುವರ್ಷ ಕೇಂದ್ರದ ತಜ್ಞರ ಗುಂಪು ನಗರಗಳಲ್ಲಿ 1.88 ಕೋಟಿ ಮನೆ ಕೊರತೆ ಇದೆ ಅಂದಿತು. ಎರಡೂ ನಿಜ. ಖಾಲಿ ಇರುವ ಮನೆ ಬೇಕಾದವರಿಗೆ ಎಟುಕುವುದಿಲ್ಲ.

ಏಣಿಯ ಕೊನೆಯ ಮೆಟ್ಟಿಲಿಗೆ ಬರೋಣ. ಕೆ.ಆರ್. ಮಾರುಕಟ್ಟೆಯ ಸುತ್ತ, ಮೆಜೆಸ್ಟಿಕ್ಕಿನಲ್ಲಿ, ಯಶವಂತಪುರದಲ್ಲಿ ರಾತ್ರಿ ಹನ್ನೊಂದರ ಮೇಲೆ ನಡೆದುಕೊಂಡು ಹೋದರೆ ಅಂಗಡಿಗಳ ಮುಂದೆ ಸಾಲಾಗಿ ಮಲಗಿರುತ್ತಾರೆ. ಇವರಲ್ಲಿ ಬಹಳ ಜನ ಕೆಲಸ ಇರುವವರೇ. ಮೂಟೆ ಹೊರುವವರು, ಹೂ ಕಟ್ಟುವವರು, ಛತ್ರಗಳಲ್ಲಿ ಪಾತ್ರೆ ತೊಳೆಯುವವರು. ಬೆಳಗಿನ ಜಾವ ಮೂರಕ್ಕೆ ಲಾರಿ ಬರುತ್ತದೆ, ಅಲ್ಲೇ ಇದ್ದವನಿಗೆ ಕೆಲಸ. ಅದಕ್ಕೇ ಅಲ್ಲಿ ಮಲಗುವುದು. ಇದನ್ನು 1985ರಲ್ಲೇ ಸುಪ್ರೀಂ ಕೋರ್ಟು ಒಪ್ಪಿತ್ತು. ಮುಂಬೈಯ ಫುಟ್‌ಪಾತಿನವರನ್ನೆಲ್ಲ ಅವರವರ ಊರಿಗೆ ಅಟ್ಟುತ್ತೇವೆ ಅಂತ 1981ರಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಲೆ ಘೋಷಿಸಿದಾಗ, ಪತ್ರಕರ್ತೆ ಓಲ್ಗಾ ಟೆಲಿಸ್ ಕೋರ್ಟಿಗೆ ಹೋದರು. ಫುಟ್‌ಪಾತಿನಲ್ಲೇ ಇದ್ದ ಜನರೂ ಹೋದರು. ಅವರಲ್ಲಿ ಒಬ್ಬ ತಮಿಳುನಾಡಿನ ಸೇಲಂನಿಂದ ಬಂದ ಕೂಲಿ. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಅಂತ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಹೇಳಿತು. ಇದನ್ನು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ತೀರ್ಪಿನ ಕೊನೆ ಪುಟದಲ್ಲಿ ಇನ್ನೊಂದಿದೆ. ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರ ತನಕ ಬೇಡ, ಆಮೇಲೆ ತೆರವು ಮಾಡಬಹುದು ಅಂತ. ಹಕ್ಕು ಸಿಕ್ಕಿತು, ಜಾಗ ಸಿಗಲಿಲ್ಲ.

ಸುಪ್ರೀಂ ಕೋರ್ಟಿನ 2024ರ ನವೆಂಬರ್‌ನ ಬುಲ್ಡೋಜರ್ ತೀರ್ಪಿನಲ್ಲೂ ಇದೇ ಬಿರುಕು ಕಾಣುತ್ತದೆ. ಕೆಡವುವ ಮೊದಲು ಹದಿನೈದು ದಿನ ನೋಟಿಸು ಕೊಡಬೇಕು, ಮಾತು ಕೇಳಬೇಕು ಅಂತ ಕೋರ್ಟು ಕಟ್ಟುನಿಟ್ಟು ಮಾಡಿತು. ಒಳ್ಳೆಯದೇ. ಆದರೆ ರಸ್ತೆ, ಫುಟ್‌ಪಾತು, ರೈಲು ಹಳಿ, ನದಿ, ಕೆರೆ ಜಾಗಕ್ಕೆ ಇದು ಅನ್ವಯಿಸುವುದಿಲ್ಲ. ಗತಿ ಇಲ್ಲದವರು ಇರುವುದು ಅಲ್ಲೇ ಅಲ್ವಾ?

ಇವರಿಗೆ ಸೂರು ಕೊಡುವ ಆದೇಶಗಳೂ ಇವೆ. 2009ರ ಚಳಿಗಾಲದಲ್ಲಿ ದೆಹಲಿಯ ಪೂಸಾ ರಸ್ತೆಯಲ್ಲಿ ಒಂದು ರಾತ್ರಿ ತಂಗುದಾಣವನ್ನು ಪಾಲಿಕೆಯೇ ಕಿತ್ತುಹಾಕಿತು. ಸಾವಾಯಿತು. ಆ ಬೆಳವಣಿಗೆಯ ನಂತರ, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ, ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. 2011ರ ಜನಗಣತಿ ಹಿಡಿದರೂ ಬೆಂಗಳೂರಿಗೆ 84 ಬೇಕು. ನಗರ ಆ ಲೆಕ್ಕವನ್ನು ಎಂದೂ ಮುಟ್ಟಿಲ್ಲ. ಇದ್ದವುಗಳಲ್ಲಿ ಕುಟುಂಬ ಸಮೇತ ಇರಬಹುದಾದವು ಕಮ್ಮಿ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆ ಅಂದರೆ ಯಾರು ಹೋಗುತ್ತಾರೆ?

ಇನ್ನೊಂದು ಕಡೆಯಿಂದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನೀವು ಆಸ್ತಿ ತೆರಿಗೆ ಕಟ್ಟುವಾಗ ಭಿಕ್ಷುಕರ ಸೆಸ್ ಅಂತ ನೂರಕ್ಕೆ ಮೂರು ಸೇರಿರುತ್ತದೆ, ಗಮನಿಸಿ. ಆ ದುಡ್ಡಿನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನಡೆಯುತ್ತದೆ. ಬೀದಿಯಲ್ಲಿ ಮಲಗಿದವನು ಭಿಕ್ಷುಕನೋ ಕೂಲಿಯವನೋ ಅಂತ ಅಲ್ಲಿಗೆ ಹಿಡಿದೊಯ್ಯುವ ವ್ಯಾನಿನವರು ನಿಂತು ವಿಚಾರಿಸುವುದಿಲ್ಲ ಅನ್ನುವುದು ಹಳೇ ದೂರು. 2010ರ ಆಗಸ್ಟ್‌ನಲ್ಲಿ ಅದೇ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಹೆಸರು ಮಾತ್ರ ಪರಿಹಾರ ಕೇಂದ್ರ.

ಹಾಗಂತ ಮಾತಾಡಿದವರು ಯಾರೂ ಇಲ್ಲ ಅಂತಲ್ಲ. ಸ್ಲಂ ಜನಾಂದೋಲನ ಕರ್ನಾಟಕದಂಥ ಸಂಘಟನೆಗಳು ವರ್ಷಗಳಿಂದ ಹಕ್ಕುಪತ್ರಕ್ಕಾಗಿ ಬೀದಿಗಿಳಿದಿವೆ. ‘ಕೊಳಚೆ ನಿರ್ಮೂಲನಾ ಮಂಡಳಿ’ ಅಂತಿದ್ದದ್ದು ‘ಕೊಳಗೇರಿ ಅಭಿವೃದ್ಧಿ ಮಂಡಳಿ’ ಆಗಿದೆ. ನಿರ್ಮೂಲನೆಗೂ ಅಭಿವೃದ್ಧಿಗೂ ಎಷ್ಟು ವ್ಯತ್ಯಾಸ ಅಂತ ಅಲ್ಲಿರುವವರನ್ನು ಕೇಳಬೇಕು. ಬಾಡಿಗೆದಾರರೂ ಒಮ್ಮೆ ಗದ್ದಲ ಎಬ್ಬಿಸಿದರು, ಗೆದ್ದರು. 2023ರ ಜೂನ್‌ನಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗ ‘ಬಾಡಿಗೆಯವರಿಗೂ ಉಂಟಾ?’ ಅನ್ನುವ ಕೂಗು ಎಲ್ಲಾ ಕಡೆ ಎದ್ದಿತು. ಉಂಟು ಅಂತ ಮುಖ್ಯಮಂತ್ರಿಯೇ ಹೇಳಬೇಕಾಯಿತು. ಮನೆ ಬದಲಿಸಿದವರು ಹಳೇ ಮೀಟರಿನಿಂದ ಆಧಾರ್ ಬಿಡಿಸಿಕೊಳ್ಳುವ ವ್ಯವಸ್ಥೆಯೂ ಮರುವರ್ಷ ಬಂತು. ಸಣ್ಣ ವಿಷಯ. ಆದರೆ ಮೀಟರ್ ಓನರ್ರ ಹೆಸರಲ್ಲಿದ್ದರೂ ದೀಪ ಉರಿಸುವವನು ಬೇರೆ ಅಂತ ಒಂದು ಸರ್ಕಾರಿ ಇಲಾಖೆ ಬರೆದುಕೊಂಡದ್ದು ಸಣ್ಣದಲ್ಲ.

ಹಾಗೆ ಬರೆದುಕೊಳ್ಳುವ ಇನ್ನೊಂದು ಕಚೇರಿ ಇದೆ, ಚುನಾವಣಾ ಆಯೋಗ. ಸೂರಿಲ್ಲದವನು ಮತದಾರರ ಪಟ್ಟಿಗೆ ಸೇರಲು ಫಾರಂ 6 ಕೊಟ್ಟರೆ ಅವನಿಂದ ವಿಳಾಸದ ದಾಖಲೆ ಕೇಳುವಂತಿಲ್ಲ. ಬದಲಿಗೆ ಮತಗಟ್ಟೆ ಅಧಿಕಾರಿ ಅವನು ಹೇಳಿದ ಜಾಗಕ್ಕೆ ರಾತ್ರಿ ಹೋಗಬೇಕು. ಒಂದು ರಾತ್ರಿಯಲ್ಲ, ಒಂದಕ್ಕಿಂತ ಹೆಚ್ಚು ರಾತ್ರಿ. ಅವನು ಅಲ್ಲಿ ಮಲಗುವುದು ನಿಜವಾದರೆ ಅಷ್ಟು ಸಾಕು. ಇದು ಪಾಲನೆ ಆಗುವುದು ಎಷ್ಟು ಕಡೆಯೋ, ಅದು ಬೇರೆ ಮಾತು. ಆದರೆ ನಿಯಮ ಇದೆ. ಮತ ಬೇಕಾದಾಗ ಬಳಕೆಯೇ ಸಾಕ್ಷಿ, ಮನೆ ಕೊಡುವಾಗ ಮಾತ್ರ ಕಾಗದ.

ನನ್ನ ವಾದ ಇಷ್ಟೇ. ತೆರವಿಗೆ ಮೊದಲು, ಮನೆ ಹಂಚಿಕೆಗೆ ಮೊದಲು ಪಟ್ಟಿ ಮಾಡುವಾಗ ಹಳೇ ಭೂನ್ಯಾಯಮಂಡಳಿ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಲಿ. ಹಂಚಿಕೆ ಪತ್ರ ಯಾರ ಹೆಸರಲ್ಲಿದೆ ಅಂತ ಆಮೇಲೆ ನೋಡಲಿ, ಮೊದಲು ಇಲ್ಲಿ ಇದ್ದವರು ಯಾರು ಅಂತ ಕೇಳಲಿ. 3,500ರ ಮಿತಿ ತೆಗೆಯಲಿ. ಅಡ್ವಾನ್ಸಿನ ಜಗಳ ತೀರಿಸಲು ವಕೀಲರಿಲ್ಲದೆ ಹೋಗಬಹುದಾದ ಒಂದು ಜಾಗ ಇರಲಿ, ಓನರ್ರಿಗೂ ಅದೇ ಬಾಗಿಲು. ಇದರಲ್ಲಿ ಹೊಸದು ಯಾವುದೂ ಇಲ್ಲ. ಎಲ್ಲವನ್ನೂ ಈ ರಾಜ್ಯ ಗದ್ದೆಯ ವಿಷಯದಲ್ಲಿ ಒಮ್ಮೆ ಮಾಡಿ ನೋಡಿದೆ.

ಒಂದೇ ತೊಡಕು. ಭೂನ್ಯಾಯಮಂಡಳಿ ಪಕ್ಕದ ಹೊಲದವನನ್ನು ಕರೆದು ಕೇಳಿದಾಗ ಅವನು ‘ಹೌದು ಸ್ವಾಮಿ, ಇವರ ಅಪ್ಪನ ಕಾಲದಿಂದ ಇವರೇ ಉಳ್ತಿರೋದು’ ಅನ್ನಬಲ್ಲವನಾಗಿದ್ದ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಬಂದು ಎದುರು ಮನೆಯವರು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿದರೆ, ನಾನು ಮೊದಲು ಅವರ ಹೆಸರು ಕೇಳಿಕೊಂಡು ಬರಬೇಕು.